ಕಲ್ಲು ಹತ್ತುವ ಗಾಡಿ

ಮತ್ತೆ ನಿಂತುಹೋಯಿತು.

ಮುಂದಿನ ಗಾಲಿಗಳೆರಡು ಒಡೆದ ಕಾಂಕ್ರೀಟಿನ ಅಂಚನ್ನು ಕಚ್ಚಿ ಹಿಡಿದಿದ್ದವು, ಹಿಂದಿನವು ಇನ್ನೂ ಕೆಳಗಿನ ಸಂದಿಯಲ್ಲಿದ್ದವು. ಗಾಡಿಯ ಹೊಟ್ಟೆಯೊಳಗಿನ ಕೆಂಪು ದೀಪ ಆರಿತು. ಉಸಿರೆಳೆದು ಬಿಡುವಷ್ಟು ಹೊತ್ತು ಕಳೆದು ಮತ್ತೆ ಹೊತ್ತಿತು. ಆ ಒಂದು ಉಸಿರಿನಲ್ಲೇ ಗಾಲಿಗಳ ಹಿಡಿತ ತಪ್ಪಿ, ಗಾಡಿ ಹಿಮ್ಮುಖವಾಗಿ ಉರುಳಿ, ನಾಲ್ಕೂ ಕಾಲು ಮೇಲೆ ಮಾಡಿಕೊಂಡು ಜಲ್ಲಿಯ ಮೇಲೆ ಬಿತ್ತು.

ಕೆಳಗೆ ನಿಂತಿದ್ದ ಅವಳು ಬಲಗೈ ಅಡ್ಡಕ್ಕೆ ಚಾಚಿ, ಅಂಗೈ ನೆಲಕ್ಕೆ ಮಾಡಿ ಬೀಸಿದಳು. ಗಂಡ ಕೆಲಸ ಮಾಡುವ ಕಬ್ಬಿಣದ ಯಾರ್ಡಿನ ಭಾಷೆಯಲ್ಲಿ ಅದಕ್ಕೆ 'ನಿಲ್ಲಿಸು' ಎಂದರ್ಥ. ಮೊದಲ ಮಹಡಿಯ ಬಾಲ್ಕನಿಯಿಂದ ಗಂಡ ಬಗ್ಗಿ ನೋಡಿದ.

"ಬಿತ್ತಾ?"

"ಬಿತ್ತು."

"ಬ್ಯಾಟರಿ ಕಣೇ ಅದು. ಬಡ್ಕೊಂಡೆ ನಾನು."

"ಬ್ಯಾಟರಿ ಹೊಸದು ರೀ. ಹೋದ ವಾರ ತಾನೆ ಹಾಕಿದ್ದು?"

"ಹೊಸದಾದ್ರೆ? ಹೊಸಬರೆಲ್ಲ ಕೆಲಸ ಮಾಡ್ತಾರೆ ಅಂತ ಎಲ್ಲಿದೆ? ನಮ್ಮ ಯಾರ್ಡಿಗೆ ಬಂದಿರೋ ಹೊಸಬನ್ನ ಹೋಗಿ ನೋಡು. ಕೊಕ್ಕೆ ಇಳಿಸು ಅಂದ್ರೆ ಮೊದಲು ದೇವರ ಮುಖ ನೋಡ್ತಾನೆ."

ಅವಳು ನಗಬೇಕೆಂದುಕೊಂಡಳು. ಆಗಲಿಲ್ಲ. ವಾರದ ಆರು ದಿನ ಸುಟ್ಟ ಮೋಟಾರುಗಳ ತಾಮ್ರ ಬಿಚ್ಚಿ, ಹೊಸ ತಾಮ್ರ ಸುತ್ತಿ, ಭಾನುವಾರ ಸೊಂಟ ನೆಟ್ಟಗೆ ಮಾಡೋಣವೆಂದರೆ ಇದೊಂದು. ಬಗ್ಗಿ ಗಾಡಿಯನ್ನು ಎತ್ತಿ ನಿಲ್ಲಿಸಿದಳು. ರಿಮೋಟಿನಿಂದ ಓಡುವ ಮೊಳದುದ್ದದ ಆಟದ ಗಾಡಿ, ಮೆತ್ತನೆ ದಪ್ಪ ಗಾಲಿಗಳು, ಓಡುವುದಕ್ಕಿಂತ ತೆವಳುವುದೇ ಹೆಚ್ಚು. ಮುಂದಿನ ಗಾಲಿಗಳು ಯಾವ ಕಡೆ ತಿರುಗಿವೆಯೆಂದು ಮೇಲಿನಿಂದ ಕಾಣಲಿ ಅಂತ ಅವುಗಳ ನೆತ್ತಿಗೆ ಬಿಳಿ ಬಣ್ಣದ ಪಟ್ಟಿ ಬಳಿದವಳೂ ಅವಳೇ.

ಮೇಲಿನಿಂದಲೇ ಓಡಿಸಬೇಕು ಎಂಬುದು ಗಂಡನ ಹಟ. "ನೆಲದ ಮೇಲೆ ನಿಂತು ಓಡಿಸೋದು ನನಗೆ ಬರಲ್ಲ" ಎಂದು ಮೊದಲ ದಿನವೇ ಹೇಳಿಬಿಟ್ಟಿದ್ದ. ಅದು ಸುಳ್ಳೇನಲ್ಲ. ಕಬ್ಬಿಣದ ಯಾರ್ಡಿನ ಸೂರಿಗೆ ನೇತುಬಿದ್ದ ಕ್ರೇನಿನ ಗೂಡಿನಲ್ಲಿ ಇಪ್ಪತ್ತೆರಡು ವರ್ಷ ಕೂತವನು ಅವನು. ಕೆಳಗಿನವರು ಅವನನ್ನು ಕರೆಯುತ್ತಿದ್ದುದೇ 'ಹದ್ದು' ಎಂದು. ಟನ್ನುಗಟ್ಟಲೆ ಸರಳಿನ ಕಟ್ಟನ್ನು, ಮಲಗಿದ ಮಗುವಿನ ಹೊದಿಕೆ ಸರಿಮಾಡಿದಷ್ಟು ಸದ್ದಿಲ್ಲದೆ ಲಾರಿಯ ಮೇಲೆ ಇಳಿಸುತ್ತಿದ್ದ. ಮದುವೆಯಾದ ಹೊಸತರಲ್ಲಿ ಯಾರ್ಡಿನ ಕೈಸನ್ನೆಗಳನ್ನೆಲ್ಲ ಅವಳಿಗೆ ಕಲಿಸಿದ್ದ. ನೆಂಟರ ಮಧ್ಯೆ ಕೂತಾಗ 'ಇನ್ನು ಹೊರಡೋಣ' ಎಂದು ಅವಳು ಮೆಲ್ಲಗೆ ಕಿರುಬೆರಳು ಆಡಿಸಿದರೆ ಅವನು ತಟ್ಟನೆ ಏಳುತ್ತಿದ್ದ. ಕೆಳಗಿನವನ ಸನ್ನೆಗೆ ಮೇಲಿನವನು ಎದುರಾಡಬಾರದು, ಮೇಲಿನವನು ಯಾವತ್ತೂ ತಾನೇ ಸನ್ನೆ ಮಾಡಬಾರದು. ಅದು ಯಾರ್ಡಿನ ಕಟ್ಟಳೆ.

ನಾಲ್ಕು ತಿಂಗಳ ಹಿಂದೆ ಅವನ ಬಲಗೈ ನಡುಗಿ ಸರಳಿನ ಕಟ್ಟೊಂದು ಗಡಿಯಾರದ ಲೋಲಕದ ಹಾಗೆ ತೂಗಾಡಿತು. ಯಾರಿಗೂ ಏನೂ ಆಗಲಿಲ್ಲ. ಆದರೂ ಮ್ಯಾನೇಜರು 'ವಿಶ್ರಾಂತಿ ತಗೊಳ್ಳಿ' ಎಂದು ಮನೆಗೆ ಕಳಿಸಿದರು. ಕೆಲಸದವರೆಲ್ಲ ಸೇರಿ 'ಕೈಯ ಅಭ್ಯಾಸ ಬಿಡಬೇಡಣ್ಣ' ಎಂದು ಈ ಗಾಡಿ ತಂದುಕೊಟ್ಟರು. ಮಾತ್ರೆ ಶುರುವಾದ ಮೇಲೆ ನಡುಕ ಹೋಗಿದೆ ಎಂದು ಗಂಡ ಹೇಳುತ್ತಿದ್ದ. ಅವಳು ನಂಬಿದ್ದಳೋ, ನಂಬದಿರಲು ಪುರುಸೊತ್ತು ಇರಲಿಲ್ಲವೋ. ಈಗ ಯಾರ್ಡಿನಿಂದ ಫಾರಂ ಬಂದಿತ್ತು. ಅದರಲ್ಲಿ ಎರಡೇ ಚೌಕ. ಒಂದಕ್ಕೆ ಗುರುತು ಹಾಕಿದರೆ ಬುಧವಾರ ಕೈಯ ಪರೀಕ್ಷೆ ಮಾಡಿ ಮತ್ತೆ ಗೂಡಿಗೆ ಹತ್ತಿಸುತ್ತಾರೆ. ಸೋತರೆ ಖಾಯಂ ಮನೆಗೆ. ಇನ್ನೊಂದಕ್ಕೆ ಹಾಕಿದರೆ ಪರೀಕ್ಷೆಯಿಲ್ಲ, ಕೆಳಗೆ ಉಗ್ರಾಣದಲ್ಲಿ ನಟ್ಟು ಬೋಲ್ಟು ಕೊಡುವ ಕೆಲಸ. ಇವತ್ತು ಸಂಜೆಯೊಳಗೆ ತುಂಬಿ ಕೊಡಬೇಕು. ಅದನ್ನು ಒಯ್ಯಲು ಅವಳ ತಮ್ಮ ಬರುವವನಿದ್ದ. ಅವನೂ ಅದೇ ಯಾರ್ಡಿನಲ್ಲಿ, ಅದೇ ಕ್ರೇನಿನ ಕೆಳಗೆ, ಸರಳಿನ ಕಟ್ಟಿಗೆ ಕೊಕ್ಕೆ ಸಿಕ್ಕಿಸುವವನು.

ಮನೆಯ ಹಿಂದೆ ಹಳೇ ನೀರಿನ ತೊಟ್ಟಿ ಒಡೆದು ರಾಶಿ ಹಾಕಿದ ಕಲ್ಲು ಕಾಂಕ್ರೀಟಿನಲ್ಲಿ ಎಲ್ಲಕ್ಕಿಂತ ದೊಡ್ಡ ತುಂಡಿಗೆ ಗಂಡ 'ಮ್ಯಾನೇಜರ್' ಎಂದು ಹೆಸರಿಟ್ಟಿದ್ದ. "ಜಗ್ಗಲ್ಲ, ಕರಗಲ್ಲ, ಮಾತೂ ಆಡಲ್ಲ ನೋಡು" ಎಂದು ನಕ್ಕಿದ್ದ. ಅದರ ನೆತ್ತಿಯ ಮೇಲೆ ಗಾಡಿ ಹತ್ತಿಸಿದರೆ ಪರೀಕ್ಷೆಗೆ ಗುರುತು ಹಾಕುತ್ತೇನೆ ಎಂದು ತನಗೆ ತಾನೇ ಮಾತು ಕೊಟ್ಟುಕೊಂಡಿದ್ದ. ಮೂರು ವಾರದಿಂದ ಗಾಡಿ ಅಲ್ಲಿಯವರೆಗೆ ಹೋಗುವುದು, ದೀಪ ಆರುವುದು, ಬೀಳುವುದು. ಒಮ್ಮೆ ಅವಳೇ "ಕುಣಿಯಲಾರದವಳು ನೆಲ ಡೊಂಕು ಅಂದಳಂತೆ" ಎಂದು ಚೇಷ್ಟೆ ಮಾಡಿದ್ದಳು. ಅವನೂ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದ.

ಅವಳು ಮಾಡಬೇಕಾದ್ದೆಲ್ಲ ಮಾಡಿದ್ದಳು. ಬ್ಯಾಟರಿಯಿಂದ ಬರುವ ತಂತಿಯ ಜೋಡಣೆ ಸಡಿಲವೆಂದು ಅದನ್ನು ಬದಲಿಸಿದಳು. ಬ್ಯಾಟರಿ ಬದಲಿಸಿದಳು. ಮೋಟಾರು ಬಿಚ್ಚಿ ಒರೆಸಿ ಜೋಡಿಸಿದಳು. ಪ್ರತಿ ಸಲವೂ ಊಟದ ಮೇಜಿನ ಮೇಲೆ ಗಾಡಿಯನ್ನು ಡಬ್ಬದ ಮೇಲೆ ಕೂರಿಸಿ, ಗಾಲಿಗಳನ್ನು ಗಾಳಿಯಲ್ಲಿ ತಿರುಗಿಸಿ, ಮೀಟರು ಹಿಡಿದು "ಸರಿಯಾಗಿದೆ" ಎಂದಳು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. 'ಭಾರ ಕೊಡದೆ ಮೋಟಾರು ಚೆನ್ನಾಗಿದೆ ಅಂತ ಯಾವನಾದ್ರೂ ಹೇಳಿದ್ರೆ ಕೈ ಮುರೀತೀನಿ' ಎಂದು ವರ್ಕ್‌ಶಾಪಿನಲ್ಲಿ ಎಲ್ಲರಿಗೂ ಗದರುವವಳು ಅವಳೇ. ಅಲ್ಲಿ ಅವಳನ್ನು 'ತಾಮ್ರಕ್ಕ' ಎಂದು ಕರೆದು ಹೆದರುತ್ತಿದ್ದರು. ಮನೆಗೆ ಬಂದರೆ ದಣಿವಿಗೆ ಆ ಮಾತೂ ಮರೆತುಹೋಗಿತ್ತು.

ಇವತ್ತು ಮಾತ್ರ ಮೀಟರಿನ ತಂತಿಗಳಿಗೆ ಉದ್ದನೆ ತಂತಿ ಬೆಸೆದು ತಂದಿದ್ದಳು. ಗಾಡಿಯೊಳಗೆ ರಿಮೋಟಿನ ಮಾತು ಕೇಳಿಸಿಕೊಳ್ಳುವ ರಿಸೀವರಿಗೆ ಹೋಗುವ ಆರು ವೋಲ್ಟಿನ ತಂತಿಗೆ ಅದನ್ನು ಸಿಕ್ಕಿಸಿ, ಗಾಡಿ ಹತ್ತುವಾಗ ಪಕ್ಕದಲ್ಲೇ ನಡೆಯುತ್ತ ಅಂಕಿ ನೋಡುವುದು ಅವಳ ಲೆಕ್ಕಾಚಾರ.

"ರಿಮೋಟ್ ಇಳಿಸಿ, ಮೊದಲು ನಾನೊಂದು ಸಲ ನೋಡ್ತೀನಿ" ಎಂದಳು.

"ನಿನಗೇನು ಬರುತ್ತೆ?"

"ಬರಲ್ಲ ಅಂತಾನೇ ನೋಡೋದು."

ಗಂಡ ಬಟ್ಟೆಚೀಲದಲ್ಲಿ ರಿಮೋಟು ಹಾಕಿ ಹಗ್ಗಕ್ಕೆ ಕಟ್ಟಿ ಇಳಿಬಿಟ್ಟ. ಚೀಲ ಅತ್ತಿತ್ತ ಹೊಯ್ದಾಡಿ ಎರಡು ಸಲ ಗೋಡೆಗೆ ಬಡಿಯಿತು.

"ಗಾಳಿ" ಎಂದ ಗಂಡ. "ಚಹಾಕ್ಕೆ ಇಟ್ಟು ಬರ್ತೀನಿ, ನೀನು ಅದನ್ನ ಸುಟ್ಟುಹಾಕಬೇಡ." ಒಳಗೆ ಹೋದ.

ಒಣಗಹಾಕಿದ ಬಟ್ಟೆಗಳು ಮಿಸುಕದೆ ನೇತಾಡುತ್ತಿದ್ದವು.

ಅವಳು ಅಂಕಿ ಕಾಣುವಂತೆ ಒಂದು ಕಂಕುಳಲ್ಲಿ ಮೀಟರು ಅವುಚಿಕೊಂಡು, ಗಾಲಿಗಳನ್ನು ನೇರಕ್ಕಿಟ್ಟು, ಬೆರಳನ್ನು ಒಂದಿಷ್ಟೇ ಒತ್ತಿದಳು. ಗಾಡಿ ತೆವಳಿತು. ಗಾಲಿ ತಿರುಗಿಸುವ ರಿಮೋಟಿನ ಚಕ್ರವನ್ನು ಮುಟ್ಟಲು ಅವಳಿಗೆ ಭಯ. ಹಾಗೇ ಗಟ್ಟಿಯಾಗಿ ಹಿಡಿದಳು. ಜಲ್ಲಿ ದಾಟಿತು. ಸಂದಿ ದಾಟಿತು. ಮ್ಯಾನೇಜರಿನ ಅಂಚಿಗೆ ಮುಂದಿನ ಗಾಲಿ ತಾಗಿತು. ಐದು ಪಾಯಿಂಟ್ ಒಂಬತ್ತು, ಐದು ಪಾಯಿಂಟ್ ಎಂಟು, ಮತ್ತೆ ಒಂಬತ್ತು. ಕೆಂಪು ದೀಪ ಕಣ್ಣು ಮಿಟುಕಿಸಲಿಲ್ಲ. ಹಿಂದಿನ ಗಾಲಿಗಳು ಒಂದಷ್ಟು ಒದ್ದಾಡಿ, ಹಿಡಿತ ಸಿಕ್ಕಿ, ಗಾಡಿ ನೆತ್ತಿಯ ಮೇಲೆ ಹೋಗಿ ಸಮನಾಗಿ ನಿಂತಿತು.

ಅವಳು ಅದನ್ನೇ ನೋಡುತ್ತ ನಿಂತಳು. ಆಮೇಲೆ ಬಾಲ್ಕನಿಯ ಕಡೆ ನೋಡಿದಳು. ಒಳಗೆ ಲೋಟಗಳ ಸದ್ದು ಕೇಳಿತು. ಕಳ್ಳಿಯ ಹಾಗೆ ಸರಸರ ಹೋಗಿ ಗಾಡಿಯನ್ನು ಎತ್ತಿಕೊಂಡು ಕೆಳಗಿನ ಜಲ್ಲಿಯ ಮೇಲಿಟ್ಟಳು.

ಗಂಡ ಬಂದು, "ಹತ್ತಿತಾ?" ಎಂದ.

"ನನಗೆಲ್ಲಿ ಹತ್ತುತ್ತೆ?" ಎಂದು ರಿಮೋಟನ್ನು ಮತ್ತೆ ಹಗ್ಗದ ಚೀಲಕ್ಕೆ ಹಾಕಿದಳು. "ತಗೊಳ್ಳಿ, ನೀವೇ ಓಡಿಸಿ. ನಾನು ಅಂಕಿ ನೋಡ್ತೀನಿ."

ಈ ಸಲ ಅವಳು ಕಲ್ಲನ್ನು ನೋಡಲಿಲ್ಲ. ಒಂದು ಕಣ್ಣು ಮೀಟರಿನ ಮೇಲೆ, ಒಂದು ಕಣ್ಣು ಗಾಲಿಯ ನೆತ್ತಿಯ ಬಿಳಿ ಪಟ್ಟಿಯ ಮೇಲೆ. ಗಾಡಿ ಸಂದಿಗೆ ಇಳಿಯುತ್ತಲೇ ಪಟ್ಟಿ ಸಣ್ಣಗೆ ಅತ್ತ ಇತ್ತ, ಅತ್ತ ಇತ್ತ ಆಡತೊಡಗಿತು. ಅದನ್ನು ಅವಳು ಮೊದಲೂ ನೋಡಿದ್ದಳು. ಕ್ರೇನಿನವರು ಭಾರವನ್ನು ಒಂದೇ ಸಲ ಇಳಿಸುವುದಿಲ್ಲ. ಗುಂಡಿಯನ್ನು ತಟ್ಟಿ ಬಿಟ್ಟು, ತಟ್ಟಿ ಬಿಟ್ಟು, ಬೆರಳಗಲ ಬೆರಳಗಲ ಸರಿಸುತ್ತಾರೆ. ಇದೂ ಆ ಅಭ್ಯಾಸವೇ ಎಂದುಕೊಂಡಿದ್ದಳು. ಬೇರೆ ಯಾರ ಹೆಂಡತಿಯಾಗಿದ್ದರೂ ಮೊದಲ ದಿನವೇ ನಡುಕವೆಂದು ಗುರುತಿಸುತ್ತಿದ್ದಳೇನೋ. ಇವಳು ಮೂರು ವಾರ ಅದನ್ನು ಕೈಚಳಕವೆಂದು ನೋಡಿ ಹೆಮ್ಮೆಪಟ್ಟಿದ್ದಳು.

ಐದು ಪಾಯಿಂಟ್ ಎರಡು. ನಾಲ್ಕು ಪಾಯಿಂಟ್ ಆರು. ಮೂರು ಪಾಯಿಂಟ್ ಎಂಟು. ದೀಪ ಆರಿತು.

ಗೋಜಲು ಬಿಡಿಸಿದ ದಾರದಂತೆ ಎಲ್ಲ ನೆಟ್ಟಗಾಯಿತು. ಗಾಲಿ ತಿರುಗಿಸುವ ಪುಟ್ಟ ಮೋಟಾರು ಸುಮ್ಮನಿದ್ದರೆ ಇರುವೆಯಷ್ಟು ಕರೆಂಟು ಉಣ್ಣುತ್ತದೆ. ಕಲ್ಲಿನ ಸಂದಿಯಲ್ಲಿ ಸಿಕ್ಕಿದ ಗಾಲಿಯನ್ನು ಬಿಡದೆ ಅಲ್ಲಾಡಿಸು ಅಲ್ಲಾಡಿಸು ಎಂದರೆ ಆನೆಯಷ್ಟು ಕೇಳುತ್ತದೆ. ಅದಕ್ಕೂ ರಿಸೀವರಿಗೂ ಒಂದೇ ತಟ್ಟೆ. ಅದು ಬಾಚಿಕೊಂಡ ಮೇಲೆ ಇದಕ್ಕೆ ಏನೂ ಉಳಿಯದೆ ಕಣ್ಣು ಕತ್ತಲೆ ಬಂದು ಬೀಳುತ್ತದೆ. ಬ್ಯಾಟರಿಯೂ ಸರಿ, ಮೋಟಾರೂ ಸರಿ. ಡೊಂಕು ನೆಲದಲ್ಲಿರಲಿಲ್ಲ. ಅಂದು ಆಡಿದ ಚೇಷ್ಟೆಯ ಮಾತು ಅವಳಿಗೆ ನೆನಪಾಯಿತು.

"ಸಿಕ್ತಾ?" ಮೇಲಿನಿಂದ ಗಂಡ ಕೇಳಿದ.

"ಸಿಕ್ತು" ಎಂದಳು. "ಕರೆಂಟು ಸಾಲ್ತಿಲ್ಲ. ಸ್ಟೇರಿಂಗಿಗೆ ಬೇರೆ ರೆಗ್ಯುಲೇಟರ್ ಹಾಕಬೇಕು."

"ನೋಡಿದ್ಯಾ! ನಾನು ಹೇಳ್ತಾನೇ ಇದ್ದೆ, ಕರೆಂಟಿಂದೇ ಅಂತ!" ಅವನ ದನಿಯಲ್ಲಿ ಎಷ್ಟೋ ದಿನದ ಮೇಲೆ ಹಳೆಯ ಹದ್ದು ರೆಕ್ಕೆ ಬಿಚ್ಚಿತ್ತು.

ಗಾಡಿ ಎತ್ತಿಕೊಂಡು ಮೆಟ್ಟಿಲು ಹತ್ತುವಾಗ ಅವಳಿಗೆ ಪ್ರತಿ ಮೆಟ್ಟಿಲೂ ಎರಡಾಗಿ ಕಂಡಿತು.

ತಮ್ಮ ಬಂದು ಆಗಲೇ ಕಾಲು ಚಾಚಿ ಕೂತಿದ್ದ. ಅವನು ಕೂತಲ್ಲಿ ಕುರ್ಚಿ ಕಾಣುತ್ತಿರಲಿಲ್ಲ, ಅಷ್ಟು ಅಗಲದ ಆಳು. ಗಂಡ ತನ್ನ ಲೋಟವನ್ನು ಕಿಟಕಿಯ ಕಟ್ಟೆಯ ಮೇಲೆ ಆರಲು ಬಿಟ್ಟಿದ್ದ. ಈಚೆಗೆ ಅವನ ಚಹಾ ಯಾವಾಗಲೂ ಆರುತ್ತಲೇ ಇರುತ್ತಿತ್ತು. ಕುಡಿಯುವುದನ್ನು ಅವಳು ನೋಡಿಯೇ ಬಹಳ ದಿನವಾಗಿತ್ತು.

"ಏನಕ್ಕ, ಇನ್ನೂ ಈ ಗಾಡಿಗೆ ಬಾಣಂತನ ಮುಗೀಲಿಲ್ವಾ?" ಎಂದ ತಮ್ಮ.

"ನಿನ್ನ ಬಾಯಿಗೆ ರೆಗ್ಯುಲೇಟರ್ ಹಾಕ್ತೀನಿ ತಡಿ" ಎಂದು ಅವಳು ಮೇಜಿನ ಮೇಲೆ ಬೆಸುಗೆಯ ಕಡ್ಡಿ ಕಾಯಲಿಟ್ಟಳು.

ರೆಗ್ಯುಲೇಟರು ಉಗುರಗಲದ್ದು, ಹೋದ ವಾರ ಬ್ಯಾಟರಿಯ ಜೊತೆಗೇ ಬೇಕಾದೀತೆಂದು ತಂದಿಟ್ಟಿದ್ದಳು. ಬ್ಯಾಟರಿಯಿಂದ ನೇರ ಎರಡು ತಂತಿ ಎಳೆದಳು, ಸ್ಟೇರಿಂಗಿನ ಮೋಟಾರಿನ ಕೆಂಪು ತಂತಿಯನ್ನು ಹಳೆಯ ತಟ್ಟೆಯಿಂದ ಬಿಡಿಸಿ ಹೊಸದಕ್ಕೆ ಬೆಸೆದಳು. ಅವಳ ಕೈ ಮಾತ್ರ ಎಷ್ಟು ದಣಿದರೂ ಈ ಕೆಲಸದಲ್ಲಿ ಅಲುಗುವುದಿಲ್ಲ. ಇವತ್ತು ಅದಕ್ಕೇ ನಾಚಿಕೆಯೆನಿಸಿತು. ಗಂಡ ಬಂದು ಪಕ್ಕದಲ್ಲಿ ನಿಂತ, ಬಲಗೈ ಜೇಬಿನಲ್ಲಿ.

"ರೀ" ಎಂದಳು.

"ಏನು?"

ಅವನ ಮುಖ ನೋಡಿದಳು. ಮೂರು ವಾರದ ಮೇಲೆ ಕ್ಷೌರ ಮಾಡಿಕೊಂಡಿದ್ದ. ದವಡೆಯ ಕೆಳಗೆ ಎರಡು ಕಡೆ ಬ್ಲೇಡು ತಾಗಿದ ಗೆರೆ.

"ಬೆಸುಗೆ ಬಿಸಿ ಇದೆ. ಮುಟ್ಟಬೇಡಿ."

ಅವನು ಶಿಳ್ಳೆ ಹಾಕುತ್ತ ಒಳಗೆ ಫಾರಂ ಹುಡುಕಲು ಹೋದ.

ರಿಮೋಟಿನ ನೆತ್ತಿಯ ಮೇಲೆ ಹೆಸರುಕಾಳಿನಷ್ಟು ಒಂದು ಗುಂಡಿಯಿತ್ತು. ಅದನ್ನು ತಿರುವಿ ಕಡಿಮೆ ಮಾಡಿದರೆ ಕೈ ಎಷ್ಟೇ ಆಡಿದರೂ ಗಾಲಿ ಅದರಲ್ಲಿ ಕಾಲುಭಾಗವೂ ಆಡುವುದಿಲ್ಲ. ಅವಳು ಬೇಕೆಂದೇ ಚಕ್ರವನ್ನು ಅಲ್ಲಾಡಿಸಿ ನೋಡಿದಳು. ಬಿಳಿ ಪಟ್ಟಿ ಕುಣಿಯಿತು. ಗುಂಡಿ ತಿರುವಿ ಮತ್ತೆ ಅಲ್ಲಾಡಿಸಿದಳು. ಪಟ್ಟಿ ಕದಲಿತೋ ಇಲ್ಲವೋ ಎಂಬಂತಿತ್ತು. ಹೀಗೇ ಬಿಟ್ಟರೆ ಗಾಡಿ ನೀರು ಕುಡಿದ ಹಾಗೆ ಕಲ್ಲು ಹತ್ತುತ್ತದೆ. ಅವನಿಗೆ ಒಂದು ಸಂಜೆಯ ಸಂತೋಷ. 'ಬೋರ್ಡೇ ಸುಟ್ಟುಹೋಗಿದೆ' ಎಂದರೂ ಆಗುತ್ತಿತ್ತು, ಯಾರು ಕೇಳುತ್ತಾರೆ? ಯಾವುದಾದರೂ ಒಂದು ಆಗಿ ಮುಗಿದು, ತಾನು ಹೋಗಿ ಮಲಗಿದರೆ ಸಾಕಾಗಿತ್ತು.

"ಭಾವ ಬೇಗ ಬರ್ಲಿ ಅಕ್ಕ" ಎಂದ ತಮ್ಮ, ಬಿಸ್ಕತ್ತು ಅದ್ದುತ್ತ. "ಆ ಹೊಸಬ ಮೇಲಿದ್ರೆ ನಮಗೆ ಕತ್ತು ನೋವು. ಯಾವಾಗ್ಲೂ ಮೇಲೇ ನೋಡ್ಕೊಂಡು ಕೆಲಸ ಮಾಡ್ಬೇಕು, ಎಲ್ಲಿ ತಲೆ ಮೇಲೆ ಹಾಕ್ತಾನೋ ಅಂತ."

"ನಿಮ್ಮ ಭಾವ ಇದ್ದಾಗ?"

"ಭಾವ ಇದ್ರೆ ನಾನು ತಲೆ ಎತ್ತಿ ನೋಡೋದೇ ಇಲ್ಲ." ಅದ್ದಿದ ಬಿಸ್ಕತ್ತು ಮುರಿದು ಚಹಾದಲ್ಲಿ ಬಿತ್ತು. "ಥತ್! ಒಂದು ಚಮಚ ಕೊಡೇ ಅಕ್ಕ."

ಅವಳು ಚಮಚ ಕೊಟ್ಟಳು. ಮತ್ತೆ ಬಂದು ಕೂತು, ಗುಂಡಿಯನ್ನು ಅದು ಮೊದಲು ಎಲ್ಲಿತ್ತೋ ಅಲ್ಲಿಗೇ ತಿರುವಿಟ್ಟಳು.

ಸಂಜೆಯ ಬಿಸಿಲು ಗೋಡೆಯ ಅರ್ಧಕ್ಕೆ ಏರಿದ ಹೊತ್ತಿಗೆ ಅವಳೂ ತಮ್ಮನೂ ಕೆಳಗೆ ಕಲ್ಲಿನ ರಾಶಿಯ ಬಳಿ ನಿಂತರು. ಫಾರಂ ತಮ್ಮನ ಜೇಬಿನಲ್ಲಿ ಮಡಿಸಿಕೊಂಡಿತ್ತು, ಎರಡೂ ಚೌಕ ಖಾಲಿ. ಗಂಡ ಬಾಲ್ಕನಿಯ ಕಟ್ಟೆಗೆ ಎದೆ ಕೊಟ್ಟು ರಿಮೋಟು ಹಿಡಿದಿದ್ದ. ಅವಳು ಬಲಗೈ ಎತ್ತಿ, ತೋರುಬೆರಳನ್ನು ಮೆಲ್ಲಗೆ ಸುತ್ತಿಸಿ ಸನ್ನೆ ಮಾಡಿದಳು. ಎತ್ತು. ನಿಧಾನ.

ಗಾಡಿ ಜಲ್ಲಿ ದಾಟಿತು. ಸಂದಿಗೆ ಇಳಿಯಿತು. ಪಟ್ಟಿ ನಡುಗಿತು, ಅಂಚಿಗೆ ತಾಗಿತು, ಇನ್ನೂ ನಡುಗಿತು. ದೀಪ ಆರಲಿಲ್ಲ. ಹಿಂದೆಲ್ಲ ಈ ಹೊತ್ತಿಗೆ ಗಾಡಿ ಸತ್ತು ಬಿದ್ದು ಎಲ್ಲವನ್ನೂ ಮುಚ್ಚಿಹಾಕುತ್ತಿತ್ತು. ಈಗ ಅದಕ್ಕೆ ಸಾಯಲು ಕಾರಣವಿರಲಿಲ್ಲ. ಮೂತಿ ಅತ್ತ ಇತ್ತ ಆಡಿಸುತ್ತ, ಕುಡಿದವನು ಮನೆ ಹುಡುಕಿಕೊಂಡು ಬಂದಂತೆ, ಬಲಕ್ಕೆ ಸರಿದು, ಎಡಕ್ಕೆ ಸರಿದು, ಕೊನೆಗೆ ಮ್ಯಾನೇಜರಿನ ನೆತ್ತಿ ಮುಟ್ಟಿತು.

"ಭೇಷ್ ಭಾವ!" ತಮ್ಮ ಎರಡೂ ಕೈ ಎತ್ತಿ ಕೂಗಿದ. ಪಕ್ಕದ ಮನೆಯ ಕಿಟಕಿಯೊಂದು ತೆರೆದು ಮುಚ್ಚಿತು. "ಹದ್ದು ಅಂದ್ರೆ ಹದ್ದೇ! ಅಕ್ಕ, ಪೆನ್ನಿದ್ಯಾ?"

ಅವಳು ಮೇಲೆ ನೋಡಿದಳು. ಗಂಡ ನಗುತ್ತಿದ್ದ. ನಗುತ್ತಲೇ ಗಾಡಿಯನ್ನು ನೋಡುತ್ತಿದ್ದ. ಆಮೇಲೆ ನಗು ಅಲ್ಲೇ ಇತ್ತು, ಆದರೆ ಕಣ್ಣು ಅದರ ಜೊತೆಗಿರಲಿಲ್ಲ. ಯಾರ್ಡಿನ ಸೂರಿನಿಂದ ಸರಳಿನ ಕಟ್ಟಿನಲ್ಲಿ ಒಂದೇ ಒಂದು ಸರಳು ಸಡಿಲಿರುವುದನ್ನು ಕಂಡುಹಿಡಿಯುತ್ತಿದ್ದ ಕಣ್ಣು ಅದು.

ಗಾಡಿ ನಿಂತಿತ್ತು. ಅದರ ನೆತ್ತಿಯ ಬಿಳಿ ಪಟ್ಟಿಗಳು ನಿಂತಿರಲಿಲ್ಲ.

ಗಂಡ ಚಕ್ರದಿಂದ ಬೆರಳು ತೆಗೆದ. ಪಟ್ಟಿಗಳು ನೆಟ್ಟಗಾಗಿ ಸ್ತಬ್ಧವಾದವು. ಬೆರಳು ಇಟ್ಟ. ನಡುಗಿದವು. ತೆಗೆದ. ಇನ್ನೊಮ್ಮೆ ಇಟ್ಟ. ವರ್ಕ್‌ಶಾಪಿನಲ್ಲಿ ಅವಳು ಒಂದು ತಂತಿ ಬಿಡಿಸಿ, ಮತ್ತೆ ಸಿಕ್ಕಿಸಿ ದೋಷ ಯಾವ ಕಡೆಯದೆಂದು ನೋಡುವ ಹಾಗೆಯೇ, ಅವಸರವಿಲ್ಲದೆ.

"ಏನ್ ಭಾವ, ಡಾನ್ಸ್ ಮಾಡಿಸ್ತಿದ್ದೀರಾ?" ಎಂದು ತಮ್ಮ ನಕ್ಕ.

ಅವಳು ಏನಾದರೂ ಸನ್ನೆ ಮಾಡಬೇಕಿತ್ತು. ಕೆಳಗಿನವರದೇ ಆ ಕೆಲಸ. ಇಷ್ಟು ವರ್ಷದಲ್ಲಿ ಕಲಿತದ್ದರಲ್ಲಿ ಒಂದೂ ಕೈಗೆ ಬರಲಿಲ್ಲ.

ಗಂಡ ರಿಮೋಟನ್ನು ಕಟ್ಟೆಯ ಮೇಲಿಟ್ಟ. ಬಿದ್ದೀತೆಂದು ಒಂದಿಷ್ಟು ಒಳಕ್ಕೆ ಸರಿಸಿದ. ಜೇಬಿಗೆ ಹೋಗಹೊರಟ ಬಲಗೈಯನ್ನು ಮತ್ತೆ ಹೊರಗೆ ತಂದ. ಆಮೇಲೆ ನೆಟ್ಟಗೆ ನಿಂತು, ಎರಡೂ ಕೈಗಳನ್ನು ಹೊಟ್ಟೆಯ ಮುಂದೆ ತಂದು, ಬೆರಳಿಗೆ ಬೆರಳು ಹೆಣೆದು ಹಿಡಿದ.

"ಅಕ್ಕ, ಅದು..." ತಮ್ಮನ ನಗು ನಿಂತಿತು. "ಅದು ನಮ್ಮ ಸನ್ನೆ ಅಲ್ವಾ? ಎಲ್ಲ ನಿಲ್ಲಿಸಿ ಬೀಗ ಹಾಕಿ, ಕೆಲಸ ಮುಗೀತು ಅನ್ನೋದು. ಮೇಲಿನವರು ಅದನ್ನ ಮಾಡೋ ಹಾಗಿಲ್ಲ."

"ಹೂಂ" ಎಂದಳು. "ಮಾಡೋ ಹಾಗಿಲ್ಲ."

ತಮ್ಮ ಜೇಬಿನ ಫಾರಮನ್ನು ಮುಟ್ಟಿಕೊಂಡು, ಭಾವನನ್ನು ನೋಡುತ್ತ ನಿಂತ. ಕತ್ತು ಎತ್ತಿ, ಬಹಳ ಹೊತ್ತು.

ಅವಳು ಕಲ್ಲುಗಳ ಮೇಲೆ ಕಾಲಿಡುತ್ತ ರಾಶಿ ಹತ್ತಿದಳು. ಮ್ಯಾನೇಜರಿನ ಮೇಲೆ ಒಂದು ಕೈ ಊರಿ, ಗಾಡಿಯ ಹೊಟ್ಟೆಗೆ ಇನ್ನೊಂದು ಕೈ ಹಾಕಿ, ಬ್ಯಾಟರಿಯ ತಂತಿ ಬಿಡಿಸಿದಳು. ಕೆಂಪು ದೀಪ ಆರಿತು. ಗಾಡಿಯನ್ನು ಎತ್ತಿಕೊಂಡು ಎದೆಗೆ ಆನಿಸಿ ಮೇಲೆ ನೋಡಿದಾಗ ಅವನು ಇನ್ನೂ ಹಾಗೇ ನಿಂತಿದ್ದ. ಹೆಣೆದ ಕೈಗಳ ಮೇಲೆ ಕೊನೆಯ ಬಿಸಿಲು ಬಿದ್ದಿತ್ತು. ಒಂದು ಕೈ ಇನ್ನೊಂದನ್ನು ಹಿಡಿದುಕೊಂಡಿತ್ತು, ಎರಡೂ ಅಲುಗುತ್ತಿರಲಿಲ್ಲ.